ಮಳೆಗಾಲದ ಅಲೆ ಹಿಡಿಯಲು ಘಟ್ಟ ಹತ್ತಿದ್ದು

ಜೂನ್ ಕೊನೆಗೆ ಮುಲ್ಕಿಯಿಂದ ಮಹಾಬಲಿಪುರಕ್ಕೆ ಸರ್ಫ್ ಮಾಡಲು ಹೊರಟಿದ್ದೇವೆ ಎಂದಾಗ ನಗದವರಿಲ್ಲ. "ಮಳೆಗಾಲದಲ್ಲಿ ಅಲೆ ನಮ್ಮ ಬಾಗಿಲಿಗೇ ಬರ್ತದಲ್ಲ ಮಾರಾಯ, ಏಳುನೂರು ಕಿಲೋಮೀಟರ್ ಯಾಕೆ?" ಎಂದರು. ಬರುತ್ತದೆ, ನಿಜ. ಆದರೆ ಗಾಳಿಯೂ ಕಡಲಿಂದಲೇ ನುಗ್ಗುತ್ತದೆ. ಸಸಿಹಿತ್ಲು ಅಳಿವೆಯ ಹೊರಗೆ ಬರೀ ಕದಡಿದ ನೀರು, ಒಂದು ಅಲೆಯೂ ನೆಟ್ಟಗೆ ನಿಲ್ಲುವುದಿಲ್ಲ. ಅದೇ ಗಾಳಿ ಘಟ್ಟ ದಾಟಿ ಮೂಡಣ ಕರಾವಳಿಗೆ ಹೋದರೆ ನೆಲದಿಂದ ಕಡಲಿಗೆ ಬೀಸುತ್ತದೆ. ಬೆಳಗ್ಗೆ ಅಲೆಯ ಮುಖ ನುಣ್ಣಗೆ ಎದ್ದು ನಿಲ್ಲುತ್ತದೆ. ನನ್ನ ಲೆಕ್ಕ ಇಷ್ಟೇ.

ಲೆಕ್ಕ ಸರಿಯಿದ್ದರೂ ದುಡ್ಡು ಹೋಗುತ್ತಲೇ ಇತ್ತು. ಮೊದಲು ಬಸ್ಸಿನಲ್ಲಿ ಹೋದೆವು. ಡಿಕ್ಕಿಯಲ್ಲಿ ಬೋರ್ಡ್ ಇಡಲು ತಲೆಗೆ ಐನೂರೋ ಆರುನೂರೋ ಕಿತ್ತರು. ಇಳಿಯುವಾಗ ನೋಡಿದರೆ ಒಂದರ ಬಾಲವೇ ಮುರಿದಿತ್ತು. ಮುಂದಿನ ಸಲ ಕಾರು. ಕನ್ಯಾಕುಮಾರಿ ಕಡೆ ಎರಡು ಮೀಟರ್ ಸ್ವೆಲ್ (ದೂರದ ತೂಫಾನು ಎಬ್ಬಿಸಿ ಕಳಿಸುವ ಅಲೆ) ಇದೆ ಎಂದು ಕುಣಿಯುತ್ತಾ ಹೋದರೆ ಮಹಾಬಲಿಪುರದಲ್ಲಿ ಮೊಣಕಾಲೆತ್ತರ! ಎರಡು ದಿನ ಸುಮ್ನೆ ಮೀನು ತಿಂದು ವಾಪಸ್. ಹತ್ತಿರ ಹತ್ತಿರ ಇಪ್ಪತ್ತು ಸಾವಿರ ನೀರುಪಾಲು.

ಅಡ್ಡ ನಿಂತದ್ದು ಶ್ರೀಲಂಕಾ. ನೈಋತ್ಯದಿಂದಲೋ ನೇರ ದಕ್ಷಿಣದಿಂದಲೋ ಬರುವ ಸ್ವೆಲ್ಲನ್ನು ಆ ದ್ವೀಪ ತಡೆಯುತ್ತದೆ, ಬಳಸಿಕೊಂಡು ಬರುವುದು ಚೂರುಪಾರು ಮಾತ್ರ. ಸ್ವೆಲ್ ಬರುವ ದಿಕ್ಕು 160 ಡಿಗ್ರಿಗಿಂತ (180 ಅಂದರೆ ನೇರ ದಕ್ಷಿಣ) ಪೂರ್ವಕ್ಕೆ ಇರಬೇಕು. ಅಂದರೆ ತೂಫಾನು ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಆಸ್ಟ್ರೇಲಿಯಾ ಕಡೆಗೆ ಸರಿದಿರಬೇಕು. ಆಮೇಲೆ ಪೀರಿಯಡ್, ಅಂದರೆ ಒಂದು ಅಲೆಯಾದ ಮೇಲೆ ಇನ್ನೊಂದು ಬರಲು ಹಿಡಿಯುವ ಸೆಕೆಂಡು. ಎಲ್ಲರೂ ಎತ್ತರ ನೋಡುತ್ತಾರೆ, ನಾನು ಅದನ್ನು ಕೊನೆಗೆ ನೋಡುತ್ತೇನೆ. 15 ಸೆಕೆಂಡಿಗಿಂತ ಕಡಿಮೆ ಇದ್ದರೆ ಕಾರು ತೆಗೆಯುವುದೇ ಇಲ್ಲ. 16 ಸೆಕೆಂಡಿನ ಸ್ವೆಲ್ ದಿನಕ್ಕೆ ಸುಮಾರು ಸಾವಿರ ಕಿಲೋಮೀಟರ್ ಬರುತ್ತದೆ, ನಮಗೆ ಐದಾರು ದಿನ ಸಿಗುತ್ತದೆ. ರಜೆ ಕೇಳಲು ಅಷ್ಟು ಸಾಕು. ಹೈದರಾಬಾದಿನ ಕಡಲ ಮಾಹಿತಿ ಸಂಸ್ಥೆ ಇನ್‌ಕಾಯ್ಸ್‌ನ ಮುನ್ಸೂಚನೆಯಲ್ಲಿ ದಿಕ್ಕು, ಪೀರಿಯಡ್ ಎರಡೂ ಸಿಗುತ್ತವೆ. ಹೊರಡುವ ಹಿಂದಿನ ರಾತ್ರಿ ಇನ್ನೊಂದು ನೋಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಜೊತೆಗೆ ಬಂದವರಿಗೆ ಮಾತ್ರ.

ಬೋರ್ಡ್ ಕಟ್ಟುವುದರ ಬಗ್ಗೆ ಒಂದು ಮಾತು. ಕಾರಿನ ಮೇಲೆ ಡೆಕ್ (ನಾವು ನಿಲ್ಲುವ ಮುಖ) ಕೆಳಗೆ, ಫಿನ್ (ಬಾಲದ ರೆಕ್ಕೆ) ಮುಂದೆ. ಪಟ್ಟಿಯನ್ನು ಒಂದು ಸುತ್ತು ತಿರುಚಿದರೆ ಹೈವೇಯಲ್ಲಿ ಗುಂಯ್ ಎನ್ನುವುದಿಲ್ಲ. ಕಾಲು ಜಾರದಂತೆ ಡೆಕ್‌ಗೆ ಹಚ್ಚುವ ವ್ಯಾಕ್ಸ್ ಕೆರೆದು ತೆಗೆದೇ ಹೊರಡಿ. ಒಮ್ಮೆ ವೆಲ್ಲೂರಿನ ಬಿಸಿಲಲ್ಲಿ ಅರ್ಧ ಗಂಟೆ ಊಟಕ್ಕೆ ನಿಲ್ಲಿಸಿದ್ದಕ್ಕೆ ಅದು ತುಪ್ಪದ ಹಾಗೆ ಮುಂದಿನ ಗಾಜಿನ ಮೇಲೆ ಇಳಿದಿತ್ತು. ವೈಪರ್ ಹಾಕಿದರೆ ಮುಗಿಯಿತು, ಏನೂ ಕಾಣುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಮುರಿದ ಬಾಲಕ್ಕೆ ಮಲ್ಪೆಯಲ್ಲಿ ಬೋಟಿಗೆ ಹಚ್ಚುವ ಪಾಲಿಯೆಸ್ಟರ್ ರೆಸಿನ್ ತಂದೆವು, ಅಗ್ಗ ಅಲ್ವಾ ಅಂತ. ಒಳಗಿದ್ದದ್ದು ಇಪಿಎಸ್, ಅಂದರೆ ಥರ್ಮಾಕೋಲ್ ಜಾತಿ. ಹಚ್ಚಿದ್ದೇ ತಡ, ಅಂಗೈ ಅಗಲ ಕರಗಿ ಗುಳಿ ಬಿತ್ತು. ಇಪಿಎಸ್ ಕರಗಿಸದ ಎಪಾಕ್ಸಿ ರೆಸಿನ್ನಿಗೆ ದುಬಾರಿ ಎನ್ನಬೇಡಿ.

ಈ ಸಲ ನಾಲ್ವರು, ಒಂದೇ ಡೀಸೆಲ್ ಕಾರು. ಮಧ್ಯಾಹ್ನ ಹೊರಟು ಶಿರಾಡಿಯಲ್ಲಿ ಲಾರಿ ಸಾಲಿನ ಹಿಂದೆ ಎರಡು ಗಂಟೆ ಕೂತು, ಬೆಂಗಳೂರನ್ನು ರಾತ್ರಿ ದಾಟಿ, ಬೆಳಕು ಹರಿಯುವ ಹೊತ್ತಿಗೆ ತಲುಪಿದೆವು. ಕಡಲ ದೇವಸ್ಥಾನದ ಪಕ್ಕದ ಪಾಯಿಂಟ್‌ನಲ್ಲಿ ಬಲಕ್ಕೆ ಒಡೆಯುವ ಅಲೆಗಳು, ದೊಡ್ಡವು ಆಳೆತ್ತರಕ್ಕಿಂತ ಜಾಸ್ತಿ. ಗಾಳಿ ತುದಿಯ ನೀರನ್ನು ಹಿಂದಕ್ಕೆ ಚಿಮ್ಮಿಸುತ್ತಿತ್ತು. ಪ್ಯಾಡಲ್ ಮಾಡುವಾಗ ಅದು ಕಣ್ಣಿಗೆ ರಪರಪ ಬಡಿಯುತ್ತದೆ. ಇಳಿಯುವ ಜಾಗ ಕಾಣುವುದೇ ಇಲ್ಲ, ಅಂದಾಜಿನಲ್ಲೇ ಎದ್ದು ನಿಲ್ಲಬೇಕು. ನಾನು ಹಿಡಿದ ಒಂದು ಅಲೆ ಕಲ್ಲಿನ ತುದಿಯಿಂದ ಮರಳಿನವರೆಗೂ ಓಡಿತು. ಅಲ್ಲಿನ ಹುಡುಗರೇ ಶಿಳ್ಳೆ ಹಾಕಿದರು, ಸುಳ್ಳಲ್ಲ. ಸರದಿ ಅವರದೇ ಮೊದಲು, ಅದನ್ನು ಮರೆಯಬೇಡಿ.

ಹತ್ತೂವರೆಗೆ ಗಾಳಿ ತಿರುಗಿ ಕಡಲಿಂದ ಬೀಸುತ್ತದೆ, ಆಟ ಬಂದ್. ಆಮೇಲೆ ನಿದ್ದೆ.

ಡೀಸೆಲ್ ಒಂಬತ್ತು ಸಾವಿರ, ಟೋಲ್ ಎರಡೂವರೆ ಇರಬಹುದು. ಮೂರು ರಾತ್ರಿ ರೂಮು, ಊಟ ಸೇರಿ ತಲೆಗೆ ಆರು ಸಾವಿರದೊಳಗೆ ಮುಗಿಯಿತು. ನಕ್ಕವರಲ್ಲಿ ಇಬ್ಬರು ಈಗಾಗಲೇ ಫೋನ್ ಮಾಡಿ ಮುಂದಿನ ಸಲ ಕಾರಲ್ಲಿ ಜಾಗ ಇದೆಯಾ ಎಂದು ಕೇಳಿದ್ದಾರೆ. ಒಂದು ಸೀಟು ಇದೆ, ಡೀಸೆಲ್ ದುಡ್ಡು ಮುಂಗಡ.