ನಮ್ಮ ಬೀದಿಯ ಮರಗಳ ಹೂಗಾಲವನ್ನು ಬರೆದಿಡುವ ಬಗೆ

ಬೆಂಗಳೂರಿನ ಮರಗಳು ಯಾವಾಗ ಹೂಬಿಡುತ್ತವೆಂಬುದನ್ನು ವರ್ಷವಿಡೀ ಗಮನಿಸಬೇಕೆನ್ನುವವರು ಲಾಲ್‌ಬಾಗ್‌ನಿಂದಲೋ ಕಬ್ಬನ್ ಪಾರ್ಕಿನಿಂದಲೋ ಆರಂಭಿಸುವುದಕ್ಕಿಂತ, ಹಾಲು ತರಲು ಅಥವಾ ಬಸ್ಸು ಹಿಡಿಯಲು ತಾವು ದಿನವೂ ನಡೆಯುವ ಬೀದಿಯಿಂದಲೇ ಆರಂಭಿಸುವುದು ಒಳ್ಳೆಯದು. ಗುಲಾಬಿ ಬಣ್ಣದ ಟಬೆಬುಯಾದಂತಹ ಮರದ ಹೂಗಾಲ ತೀರ ಚಿಕ್ಕದು. ತಿಂಗಳಿಗೊಮ್ಮೆ ಉದ್ಯಾನಕ್ಕೆ ಹೋಗುವವರಿಗೆ ಒಂದೋ ಮೊಗ್ಗು ಸಿಗುತ್ತದೆ, ಇಲ್ಲವೇ ಬರಿದಾದ ಕೊಂಬೆ.

ಮೊದಲು ಹತ್ತು ಮರಗಳನ್ನು ಆರಿಸಿಕೊಳ್ಳಿ. ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬೀದಿಯ ನಕ್ಷೆ ಬರೆದು, ವಿದ್ಯುತ್ ಕಂಬ, ಅಂಗಡಿ, ಮನೆಯ ಗೇಟು ಮುಂತಾದವನ್ನು ಗುರುತಾಗಿಟ್ಟುಕೊಂಡು ಪ್ರತಿ ಮರಕ್ಕೂ ಒಂದು ಸಂಖ್ಯೆ ಕೊಡಿ. ಬಳಿಕ ವಾರಕ್ಕೊಮ್ಮೆ, ಆದಷ್ಟೂ ಒಂದೇ ದಿನ, ಎಲೆ ಉದುರಿದೆಯೇ, ಚಿಗುರಿದೆಯೇ, ಮೊಗ್ಗು, ಹೂ, ಕಾಯಿ ಇವೆಯೇ ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಏನೂ ಬದಲಾಗದ ವಾರದಲ್ಲೂ ‘ಬದಲಾವಣೆಯಿಲ್ಲ’ ಎಂದು ಬರೆಯಲೇಬೇಕು. ಖಾಲಿ ಬಿಟ್ಟ ಸಾಲು ನೀವು ನೋಡಿ ಬರೆಯಲಿಲ್ಲವೋ, ನೋಡಲೇ ಇಲ್ಲವೋ ಎಂಬುದು ಆರು ತಿಂಗಳ ಮೇಲೆ ನಿಮಗೇ ತಿಳಿಯುವುದಿಲ್ಲ.

ನೋಡುವಾಗ ಮೊದಲು ನೆಲವನ್ನು ನೋಡಿ. ಎತ್ತರದ ಮರದ ನೆತ್ತಿಯಲ್ಲಿ, ಕೇಬಲ್ಲುಗಳ ಮರೆಯಲ್ಲಿ ಅರಳಿದ ಹೂ ಎಷ್ಟೋ ಸಲ ಕೆಳಗಿನಿಂದ ಕಾಣುವುದೇ ಇಲ್ಲ. ಉದುರಿದ ಹೂವೇ ಮೊದಲ ಸುದ್ದಿ ಕೊಡುತ್ತದೆ. ಆದ್ದರಿಂದ ಪೌರಕಾರ್ಮಿಕರು ಬೀದಿ ಗುಡಿಸುವ ಮೊದಲೇ ಹೊರಡಬೇಕು. ಆಕಾಶಮಲ್ಲಿಗೆಯಂತೂ ರಾತ್ರಿ ಅರಳಿ ಬೆಳಗಿನ ಹೊತ್ತಿಗೆ ಉದ್ದ ತೊಟ್ಟಿನಂತಹ ಬಿಳಿ ಕೊಳವೆಗಳ ಸಮೇತ ನೆಲಕ್ಕೆ ಬಿದ್ದಿರುತ್ತದೆ. ಬಿಸಿಲೇರಿದ ಮೇಲೆ ಅದರ ಪರಿಮಳವೂ ಉಳಿಯುವುದಿಲ್ಲ.

ಗುರುತಿಸುವುದರಲ್ಲಿ ಹೆಚ್ಚು ತೊಡಕಾಗುವುದು ಹಳದಿ ಹೂಗಳಲ್ಲಿ. ಬೇಸಿಗೆಯ ಕಾಪರ್‌ಪಾಡ್ ಮರವನ್ನು ನಾನು ಎರಡು ವರ್ಷ ಕಕ್ಕೆಯೆಂದೇ ಬರೆದುಕೊಂಡಿದ್ದೆ. ಕಕ್ಕೆಯ ಗೊಂಚಲು ಕೆಳಮುಖವಾಗಿ ಜೋತಾಡುತ್ತದೆ, ಅದರ ಕಾಯಿ ಕೋಲಿನಂತೆ ದುಂಡಗೆ ಉದ್ದವಾಗಿರುತ್ತದೆ. ಕಾಪರ್‌ಪಾಡ್‌ನ ಹೂಗೊಂಚಲು ಮೇಲ್ಮುಖವಾಗಿ ನಿಲ್ಲುತ್ತದೆ, ಅದರ ಚಪ್ಪಟೆ ಕಾಯಿಗಳಿಗೆ ತಾಮ್ರದ ಬಣ್ಣ. ಹಳದಿ ಟಬೆಬುಯಾ ಇವೆರಡಕ್ಕೂ ಮುಂಚೆ, ಹೆಚ್ಚಾಗಿ ಫೆಬ್ರವರಿ-ಮಾರ್ಚ್ ಹೊತ್ತಿಗೆ, ಎಲೆಯುದುರಿದ ಕೊಂಬೆಗಳ ಮೇಲೆ ತುತ್ತೂರಿಯಾಕಾರದ ಹೂಗಳನ್ನು ಹೊತ್ತು ನಿಲ್ಲುತ್ತದೆ. ಬೆಂಡಿನಂತೆ ಬಿರುಕುಬಿಟ್ಟ ಅದರ ತೊಗಟೆಯನ್ನು ಮುಟ್ಟಿ ನೋಡಿದರೆ ಮತ್ತೆ ಮರೆಯುವುದಿಲ್ಲ. ಗುಲ್‌ಮೊಹರ್ ಮತ್ತು ಜಕರಂಡಾ ಹೂವಿಲ್ಲದಾಗ ಒಂದೇ ಬಗೆಯ ಗರಿ ಎಲೆಗಳಿಂದ ಗೊಂದಲ ಹುಟ್ಟಿಸುತ್ತವೆ. ಆಗ ಕಾಯಿ ನೋಡಬೇಕು: ಗುಲ್‌ಮೊಹರಿನದು ಕತ್ತಿಯಂತೆ ಉದ್ದ, ಜಕರಂಡಾದ್ದು ಬಿಲ್ಲೆಯಂತೆ ಚಪ್ಪಟೆ. ಗುಲಾಬಿ ಹೂಗಳಲ್ಲಿ ಬಸವನಪಾದವನ್ನು ಸೀಳು ಗೊರಸಿನಂತಹ ಎಲೆಯಿಂದಲೇ ಗುರುತಿಸಬಹುದು. ಅನುಮಾನ ಉಳಿದರೆ ಲಾಲ್‌ಬಾಗ್‌ಗೆ ಹೋಗಿ, ಹೆಸರಿನ ಫಲಕವಿರುವ ಮರದೊಂದಿಗೆ ನಿಮ್ಮ ಫೋಟೋವನ್ನು ಹೋಲಿಸಿ ನೋಡಬಹುದು.

ಒಂದಾದ ಮೇಲೊಂದು ಮರ ಹೂಬಿಡುವಂತೆ ನಗರವನ್ನು ಸಜ್ಜುಗೊಳಿಸಿದ ಕೀರ್ತಿ 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕೃಂಬಿಗಲ್ ಅವರಿಗೆ ಸಲ್ಲುತ್ತದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ನಗರದುದ್ದಕ್ಕೂ ಲಕ್ಷಾಂತರ ಸಸಿಗಳನ್ನು ನೆಡಿಸಿದರು. ಟಬೆಬುಯಾ, ಜಕರಂಡಾಗಳು ಅಮೆರಿಕ ಖಂಡಗಳಿಂದ, ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದವು. ಫೋಟೋದಲ್ಲಿ ಮಿಂಚುವವೂ ಇವೇ. ಆದರೆ ನಿಮ್ಮ ಹತ್ತು ಮರಗಳಲ್ಲಿ ಒಂದಾದರೂ ಹೊಂಗೆ ಇರಲಿ ಎಂದು ನಾನು ಒತ್ತಿ ಹೇಳುತ್ತೇನೆ. ಹಳೆಯ ಎಲೆ ಉದುರಿ ಯುಗಾದಿಯ ಹೊತ್ತಿಗೆ ಮೈತುಂಬ ಹೊಳೆಯುವ ಎಳೆಹಸಿರು ತಳೆದು, ನಸುನೇರಳೆ ಬೆರೆತ ಬಿಳಿಯ ಪುಟ್ಟ ಹೂಗಳನ್ನು ಕಾಲುದಾರಿಯ ಮೇಲೆ ಅಕ್ಕಿಯಂತೆ ಹರಡುವ ಈ ಮರದಷ್ಟು ಬದಲಾವಣೆಗಳನ್ನು ಕೆಲವೇ ವಾರಗಳಲ್ಲಿ ತೋರಿಸುವ ಮರ ನಮ್ಮ ಬೀದಿಯಲ್ಲಿ ಬೇರೆಯಿಲ್ಲ. ಜೇನ್ನೊಣಗಳ ಸದ್ದು ಕೇಳಿದ ದಿನಾಂಕವನ್ನೂ ಬರೆದಿಡಿ.

ಎರಡನೆಯ ವರ್ಷದಿಂದ ಪ್ರತಿ ಮರದ ಹಿಂದಿನ ವರ್ಷದ ದಿನಾಂಕವನ್ನು ಪಕ್ಕದಲ್ಲೇ ಬರೆಯುತ್ತ ಹೋಗಿ. ಹೂ ಹದಿನೈದು ದಿನ ಮುಂಚೆ ಬಂದಿದ್ದರೆ ಆಗಿನ ಮಳೆ, ಸೆಕೆಗಳ ಬಗ್ಗೆಯೂ ಒಂದು ಮಾತಿರಲಿ. ಕೊಂಬೆ ಕಡಿದದ್ದನ್ನು, ಬುಡಕ್ಕೆ ಕಾಂಕ್ರೀಟ್ ಸುರಿದದ್ದನ್ನು ತಪ್ಪದೆ ದಾಖಲಿಸಬೇಕು, ಏಕೆಂದರೆ ಮರುವರ್ಷ ಹೂ ಬಾರದಿದ್ದರೆ ಕಾರಣ ಹುಡುಕಬೇಕಾದುದು ಆ ಪುಟದಲ್ಲೇ. ಮರವೇ ಉರುಳಿದರೆ ಅದರ ಸಂಖ್ಯೆಯನ್ನು ಬೇರೊಂದಕ್ಕೆ ಕೊಡಬೇಡಿ. ನನ್ನ ಪಟ್ಟಿಯ ನಾಲ್ಕನೆಯದು ಒಂದು ಜಕರಂಡಾ ಆಗಿತ್ತು. ಅದರ ಸಾಲು ಈಗಲೂ ಖಾಲಿಯಿದೆ, ಹೊಸ ಮರಕ್ಕೆ ಹನ್ನೊಂದೆಂದು ಬರೆದಿದ್ದೇನೆ.