ಒಂದೇ 500 ಜಿಬಿ ಎಸ್‌ಎಸ್‌ಡಿಯಲ್ಲಿ ವಿಂಡೋಸ್ + ಉಬುಂಟು: ನಾನು ಜಾಗ ಹಂಚಿದ್ದು ಹೀಗೆ

ಒಂದೇ ಡಿಸ್ಕಲ್ಲಿ ಡ್ಯುಯಲ್ ಬೂಟ್ (ಎರಡು ಓಎಸ್) ಇಟ್ರೆ ಆರು ತಿಂಗಳೂ ಬಾಳಲ್ಲ, ಇನ್ನೊಂದು ಎಸ್‌ಎಸ್‌ಡಿ ತಗೊಳ್ಳಿ ಅಂತ ಅಂಗಡಿಯವ್ರೂ ಹೇಳಿದ್ರು, ಜೊತೇಲಿ ಡಿಟಿಪಿ ಮಾಡೋ ಹುಡುಗ್ರೂ ಹೇಳಿದ್ರು. ನನ್ನ ಲ್ಯಾಪ್‌ಟಾಪಲ್ಲಿ ಇರೋದೇ ಒಂದು ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರೋ ಜಾಗ). ಈಗ ಎರಡು ವರ್ಷದ ಮೇಲಾಯ್ತು, ಎರಡೂ ಕಮಕ್ ಕಿಮಕ್ ಅನ್ನದೆ ಓಡ್ತಿವೆ, ಅದಕ್ಕೇ ಬರೀತಿದೀನಿ.

ಹಗಲೆಲ್ಲ ನುಡಿ, ಕೋರೆಲ್‌ಡ್ರಾ, ಸಂಜೆ ಮೇಲೆ ಉಬುಂಟುನಲ್ಲಿ ಪೈಥಾನ್. ಕಾರ್ಡ್ ಡಿಸೈನು, ಫಾಂಟು, ಫೋಟೋ ಎರಡೂ ಕಡೆಗೂ ಬೇಕು, ಹಾಗಾಗಿ ತಲೆನೋವಿದ್ದಿದ್ದು ಆ ಫೈಲೆಲ್ಲ ಇಡೋ ಡೇಟಾ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಒಂದೇ. ಮೊದ್ಲು ಅದನ್ನ ಎಕ್ಸ್‌ಫ್ಯಾಟ್ ಅನ್ನೋ ಫೈಲ್ ಸಿಸ್ಟಮಲ್ಲಿ ಫಾರ್ಮ್ಯಾಟ್ ಮಾಡಿದ್ದೆ, ಎರಡೂ ಓಎಸ್ ಆರಾಮಾಗಿ ಓದ್ತಿದ್ವು. ಆದ್ರೆ ಅದಕ್ಕೆ ಜರ್ನಲ್ (ಬರೆಯೋ ಮೊದ್ಲೇ ಬದಲಾವಣೆ ಗುರುತಿಟ್ಕೊಳ್ಳೋ ದಾಖಲೆ) ಇಲ್ಲ, ನನ್ನ ಹಳೇ ಬ್ಯಾಟರಿ ಸತ್ತಿತ್ತು, ಸೇವ್ ಆಗ್ತಿರೋವಾಗ ಕರೆಂಟ್ ಹೋಯ್ತು, ಕಸ್ಟಮರ್ ಫೋಲ್ಡರ್ ಪೂರ್ತಿ ಮಾಯ. ಡೇಟಾ ರಿಕವರಿಯವ್ರು ಏಳೆಂಟು ಸಾವಿರ ಕೇಳಿದ್ರು, ಆಗ ಅದರ ಅರ್ಧಕ್ಕೆ ಹೊಸ ಎಸ್‌ಎಸ್‌ಡಿ ಬರ್ತಿತ್ತು! ಕೊಡ್ಲಿಲ್ಲ, ಫೋಟೋರೆಕ್ ಅನ್ನೋ ರಿಕವರಿ ಸಾಫ್ಟ್‌ವೇರ್ ಹಾಕಿ ನಾನೇ ಮುಕ್ಕಾಲು ಭಾಗ ತೆಗೆದೆ, ಫೈಲ್ ಹೆಸರು ಮಾತ್ರ ಒಂದೂ ಉಳೀಲಿಲ್ಲ, ಒಂದೊಂದೇ ತೆಗೆದು ನೋಡಿ ಹೆಸರಿಟ್ಟೆ. ಆಮೇಲಿಂದ ಡೇಟಾ ಅಂದ್ರೆ ಜರ್ನಲ್ ಇರೋ, ವಿಂಡೋಸಿನದೇ ಆದ ಎನ್‌ಟಿಎಫ್‌ಎಸ್ಸೇ.

ನಾನು ಹಂಚಿದ ಲೆಕ್ಕ ಹೀಗಿದೆ. 500 ಅಂತ ಮಾರಿದ್ರೂ ಕಾಣೋದು 465 ಜಿಬಿ. ಇಎಫ್‌ಐ (ಬೂಟ್ ಫೈಲ್ ಇರೋ ಭಾಗ) 1 ಜಿಬಿ, ಸಿ ಡ್ರೈವ್ 130, ವಿಂಡೋಸ್ ರಿಪೇರಿಗಿರೋ ರಿಕವರಿ ಸುಮಾರು 1, ಉಬುಂಟು ರೂಟ್ (ಉಬುಂಟು ಕೂರೋ ಭಾಗ) 60, ಅದರ ಬಲಕ್ಕೆ 20 ಖಾಲಿ, ಮಿಕ್ಕಿದ್ದೆಲ್ಲ ಡೇಟಾ, ಅಂದ್ರೆ ಹೆಚ್ಚುಕಮ್ಮಿ 250. ಸ್ವಾಪ್ (ರ್‍ಯಾಮ್ ತುಂಬ್ದಾಗ ಬಳಸೋ ಜಾಗ) ಪಾರ್ಟಿಷನ್ ಇಲ್ಲ, ಸ್ವಾಪ್ ಫೈಲ್ ಸಾಕು. ಹೋಮ್ (ಉಬುಂಟುನಲ್ಲಿ ನಮ್ಮ ಸ್ವಂತ ಫೋಲ್ಡರ್) ಕೂಡ ಬೇರೆ ಮಾಡಿಲ್ಲ, ಫೈಲೆಲ್ಲ ಡೇಟಾದಲ್ಲೇ ಇದ್ಮೇಲೆ ಹೋಮಲ್ಲಿ ಉಳಿಯೋದು ಸೆಟ್ಟಿಂಗ್ಸ್ ಅಷ್ಟೇ.

ಆ 20 ಜಿಬಿ ಖಾಲಿ ಬಿಟ್ಟಿದ್ದಕ್ಕೆ ಎಲ್ರೂ ನಕ್ಕಿದ್ರು. ಉಬುಂಟುನ ಸ್ನ್ಯಾಪ್ ಪ್ಯಾಕೇಜು, ಡಾಕರ್ ಅನ್ನೋ ಸಾಫ್ಟ್‌ವೇರಿನ ಫೈಲು ಸೇರಿ ರೂಟ್ ತುಂಬ್ದಾಗ ಓಡ್ತಿರೋ ಸಿಸ್ಟಮಲ್ಲೇ ಎರಡು ನಿಮಿಷದಲ್ಲಿ ಬೆಳೆಸಿದೆ. ಬಲಗಡೆ ಖಾಲಿ ಇದ್ರೆ ಇಎಕ್ಸ್‌ಟಿ4 (ಉಬುಂಟು ರೂಟಿನ ಫೈಲ್ ಸಿಸ್ಟಮ್) ಹಾಗೇ ಬೆಳೆಯುತ್ತೆ, ಎಡಗಡೆ ಇದ್ರೆ ಇಡೀ ಪಾರ್ಟಿಷನ್ನೇ ಸರಿಸ್ಬೇಕು, ಅಲ್ಲೇ ಜನ ಡೇಟಾ ಕಳ್ಕೊಳ್ಳೋದು.

ವಿಂಡೋಸ್ ಸೆಟಪ್ ತಾನೇ ಮಾಡೋ ಇಎಫ್‌ಐ 100 ಎಂಬಿ, ಬಯೋಸ್ ಅಪ್ಡೇಟ್ ಫೈಲೂ ಬಂದು ಅಲ್ಲೇ ಕೂತ್ರೆ ಉಸಿರಾಡಕ್ಕಾಗಲ್ಲ. ಸೆಟಪ್ ಸ್ಕ್ರೀನಲ್ಲೇ ಶಿಫ್ಟ್ ಎಫ್10 ಒತ್ತಿ ಡಿಸ್ಕ್‌ಪಾರ್ಟ್ ಕಮಾಂಡಲ್ಲಿ 1 ಜಿಬಿದು ಮೊದ್ಲೇ ಮಾಡಿಟ್ಟೆ, ವಿಂಡೋಸ್ ಅದನ್ನೇ ಬಳಸ್ಕೊಳ್ತು. ರಿಕವರಿನೂ ಚಿಕ್ಕದಿರಬಾರ್ದು: 2024 ಜನವರಿಯಲ್ಲಿ ವಿಂಡೋಸ್ 10ಗೆ ಬಂದ ಒಂದು ಅಪ್ಡೇಟು ಅಲ್ಲಿ 250 ಎಂಬಿ ಖಾಲಿ ಇಲ್ಲದ ಮಷೀನುಗಳಲ್ಲಿ ಎರರ್ ಕೊಟ್ಟು ನಿಲ್ತಿತ್ತು.

ಪಾರ್ಟಿಷನ್ ಎಷ್ಟು ಚೆನ್ನಾಗಿ ಹಂಚಿದ್ರೂ ಫಾಸ್ಟ್ ಸ್ಟಾರ್ಟಪ್ (ವಿಂಡೋಸ್ ಪೂರ್ತಿ ಆಫ್ ಆಗದೆ ಅರ್ಧ ನಿದ್ದೆಗೆ ಹೋಗೋದು) ಆನ್ ಇದ್ರೆ ಉಬುಂಟುನಲ್ಲಿ ಡೇಟಾ ರೀಡ್ ಓನ್ಲಿ ಆಗುತ್ತೆ. ಪವರ್‌ಸಿಎಫ್‌ಜಿ ಕಮಾಂಡಲ್ಲಿ ಹೈಬರ್ನೇಟೇ ಆಫ್ ಮಾಡಿ, ನನಗೆ ಸಿ ಡ್ರೈವಲ್ಲಿ 6 ಜಿಬಿ ಹತ್ರ ಜಾಗಾನೂ ಸಿಕ್ತು. ಎಫ್‌ಎಸ್‌ಟ್ಯಾಬಲ್ಲಿ (ಉಬುಂಟು ಯಾವ ಪಾರ್ಟಿಷನ್ ಹೇಗೆ ತೆರೀಬೇಕು ಅನ್ನೋ ಫೈಲ್) ಡೇಟಾ ಲೈನಿಗೆ ಏನೇನು ಆಪ್ಷನ್ ಕೊಟ್ಟಿದೀನಿ, ವಿಂಡೋಸ್ ಅಪ್ಡೇಟ್ ಆದ್ಮೇಲೂ ಯಾವ ಓಎಸ್ ಬೇಕು ಅಂತ ಕೇಳೋ ಗ್ರಬ್ ಮೆನುನೇ ಮೊದ್ಲು ಬರೋ ಹಾಗೆ ಏನು ಮಾಡಿದೀನಿ ಅನ್ನೋದನ್ನ ಇಲ್ಲಿ ಬರೆಯಲ್ಲ, ದುಡ್ಡು ತಗೊಂಡು ಬೇರೆಯವ್ರಿಗೆ ಮಾಡ್ಕೊಡ್ತೀನಿ.

ನಡುವೆ ಇನ್ನೊಂದು ಪ್ರಯೋಗ: ಮೇಲ್ ಸಾಫ್ಟ್‌ವೇರ್ ಥಂಡರ್‌ಬರ್ಡಿನ ಪ್ರೊಫೈಲನ್ನ (ಮೇಲು, ಸೆಟ್ಟಿಂಗ್ಸ್ ಇರೋ ಫೋಲ್ಡರ್) ಡೇಟಾದಲ್ಲಿಟ್ಟು ಎರಡೂ ಕಡೆಯಿಂದ ಅದನ್ನೇ ತೋರಿಸಿದೆ, ಒಂದೇ ಮೇಲ್‌ಬಾಕ್ಸು ಎರಡೂ ಕಡೆ. ಎರಡೂ ಕಡೆ ವರ್ಷನ್ ಒಂದೇ ಇರೋವರೆಗೂ ಸೂಪರ್, ಒಂದು ಕಡೆ ಹಿಂದೆ ಬಿದ್ರೆ ಪ್ರೊಫೈಲ್ ತೆಗೆಯಲ್ಲ. ಗಿಟ್ (ಕೋಡಿನ ಬದಲಾವಣೆ ಲೆಕ್ಕ ಇಡೋ ಸಾಫ್ಟ್‌ವೇರ್) ಫೋಲ್ಡರ್ ಮಾತ್ರ ಅಲ್ಲಿಡಬೇಡಿ, ಪರ್ಮಿಷನ್ ಬದಲಾಯ್ತು ಅಂತ ಮುಟ್ಟದೇ ಇರೋ ಫೈಲನ್ನೂ ಮಾಡಿಫೈಡ್ ಅಂತ ತೋರಿಸುತ್ತೆ, ನಾನು ಅದನ್ನ ರೂಟಲ್ಲೇ ಇಟ್ಟಿದೀನಿ.