ನಾಮ್ಚೆ ಬಜಾರಿನಲ್ಲಿ ಎರಡನೆಯ ದಿನವನ್ನು ಕಳೆಯುವುದು ಹೇಗೆ?

ಬೆಂಗಳೂರಿನಿಂದ ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೊರಡುವ ಎಷ್ಟೋ ತಂಡಗಳು ರಜೆ ಸಾಲದೆಂದು ಮೊದಲು ಕತ್ತರಿ ಹಾಕುವುದು ನಾಮ್ಚೆ ಬಜಾರಿನ ಎರಡನೆಯ ರಾತ್ರಿಗೆ. ಅದನ್ನು ಉಳಿಸಿಕೊಂಡವರಲ್ಲೂ ಹಲವರು ಆ ದಿನವನ್ನು ಕಂಬಳಿ ಹೊದ್ದು ಮಲಗಿಯೋ, ಬೇಕರಿಯಲ್ಲಿ ಕುಳಿತೋ ಮುಗಿಸಿಬಿಡುತ್ತಾರೆ. ನೇಪಾಳದ ಖುಂಬು ಪ್ರದೇಶದ ಈ ವ್ಯಾಪಾರಿ ಪಟ್ಟಣ ಇರುವುದು 3,440 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. ಇಲ್ಲಿನ ಬೆಟ್ಟಗಳಲ್ಲಿ ಪಳಗಿದ ಕಾಲುಗಳು ಅಲ್ಲಿ ನೆರವಾಗುತ್ತವೆ, ಶ್ವಾಸಕೋಶ ಮಾತ್ರ ಹೊಸದಾಗಿಯೇ ಪಳಗಬೇಕು. ದೇಹ ಆ ಎತ್ತರಕ್ಕೆ ಹೊಂದಿಕೊಳ್ಳಲೆಂದೇ ಈ ಎರಡನೆಯ ದಿನ.

ಮೊದಲು, ತಲುಪುವ ಬಗೆ. ಲುಕ್ಲಾದಲ್ಲಿ ವಿಮಾನವಿಳಿದ ದಿನ ಫಾಕ್ಡಿಂಗ್‌ನಲ್ಲೋ ಮೊಂಜೊದಲ್ಲೋ ತಂಗಿ, ಮರುದಿನ ದೂಧ್ ಕೋಶಿ ನದಿಯ ಎತ್ತರದ ತೂಗುಸೇತುವೆ ದಾಟಿ, ಸುಮಾರು 600 ಮೀಟರಿನ ಏರನ್ನು ಮಾತನಾಡುತ್ತಲೇ ನಡೆಯಬಹುದಾದ ವೇಗದಲ್ಲಿ ಹತ್ತಬೇಕು. ಹೊರೆ ಹೊತ್ತ ದನಗಳು ಎದುರಾದರೆ ಕಣಿವೆಯ ಕಡೆಗಲ್ಲ, ಗುಡ್ಡದ ಕಡೆಗೇ ಸರಿದು ನಿಲ್ಲಿ.

ಆ ಸಂಜೆ ಊಟ, ನೀರು, ನಿದ್ದೆ. ಮದ್ಯ ಬೇಡವೇ ಬೇಡ.

ಮುಖ್ಯ ಹಂತ ಮರುದಿನ ಬೆಳಿಗ್ಗೆಯದು. ಎದ್ದೊಡನೆ ತಲೆನೋವಿದೆಯೇ, ಅದರ ಜೊತೆ ವಾಕರಿಕೆ, ತಲೆಸುತ್ತು ಅಥವಾ ಅತಿಯಾದ ಆಯಾಸವಿದೆಯೇ ಎಂದು ಗಮನಿಸಿ. ಇದ್ದರೆ ಆ ದಿನ ಮೇಲಕ್ಕೆ ಹತ್ತಬಾರದು. ಇಲ್ಲವಾದರೆ ತಿಂಡಿ ಮುಗಿಸಿ, ಮೋಡ ಕವಿಯುವ ಮೊದಲೇ, ಸ್ಯಾಂಗ್‌ಬೋಚೆ ಮಾರ್ಗವಾಗಿ 3,880 ಮೀಟರ್ ಎತ್ತರದ ಎವರೆಸ್ಟ್ ವ್ಯೂ ಹೋಟೆಲಿನವರೆಗೆ ನಿಧಾನವಾಗಿ ಏರಿ, ಒಂದಿಷ್ಟು ಹೊತ್ತು ಅಲ್ಲಿದ್ದು, ಮಲಗಲು ನಾಮ್ಚೆಗೇ ಇಳಿಯಬೇಕು. ಇದಕ್ಕೆ ಕಾರಣವಿದೆ. ನಾಮ್ಚೆಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಮೂರನೇ ಎರಡರಷ್ಟು ಮಾತ್ರ ಇರುವುದರಿಂದ ದೇಹ ಹೆಚ್ಚು ಉಸಿರಾಡತೊಡಗುತ್ತದೆ. ಅದರಿಂದ ರಕ್ತ ತುಸು ಕ್ಷಾರೀಯವಾಗುತ್ತದೆ, ಅದನ್ನು ಸರಿದೂಗಿಸಲು ಮೂತ್ರಪಿಂಡಗಳಿಗೆ ಒಂದೆರಡು ದಿನ ಬೇಕು. ಹಗಲಿನ ಏರು ಈ ಹೊಂದಾಣಿಕೆಗೆ ದೇಹವನ್ನು ಪಳಗಿಸುತ್ತದೆ, ತಗ್ಗಿನಲ್ಲಿ ಮಲಗಿದರೆ ಅದಕ್ಕೆ ಬಿಡುವು ಸಿಗುತ್ತದೆ. ಮೂತ್ರಪಿಂಡಗಳು ಈ ಕೆಲಸದಲ್ಲಿರುವಾಗ ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳಬೇಕಾಗಿ ಬಂದರೆ ಗಾಬರಿ ಬೇಡ, ನೀರು ಕುಡಿಯುವುದನ್ನೂ ನಿಲ್ಲಿಸಬೇಡಿ. ಇಳಿಯುವಾಗ ಖುಮ್‌ಜುಂಗ್ ಹಳ್ಳಿ ಸುತ್ತಿ ಬರುವುದೇ ಮೇಲು. 1961ರಲ್ಲಿ ಎಡ್ಮಂಡ್ ಹಿಲರಿ ಕಟ್ಟಿಸಿದ ಶಾಲೆ ಅಲ್ಲಿದೆ.

ಇನ್ನು ಈ ಹೊಂದಾಣಿಕೆಯನ್ನು ಬೇಗ ಮುಗಿಸಲು ಹುಡುಕುವ ಅಡ್ಡದಾರಿಗಳ ವಿಷಯ. ಕರ್ಪೂರ ಮೂಸುವ ಪದ್ಧತಿ ನಮ್ಮ ಚಾರಣಿಗರಲ್ಲಿ ಹೇಗೋ ಬೇರೂರಿದೆ; ಮೂಗು ತೆರೆದಂತೆ ಅನಿಸುತ್ತದೆಯೇ ಹೊರತು ರಕ್ತಕ್ಕೆ ಆಮ್ಲಜನಕ ಸೇರುವುದಿಲ್ಲ. ಡಬ್ಬಿಯಲ್ಲಿ ಮಾರುವ ಆಮ್ಲಜನಕ ಕೆಲವೇ ನಿಮಿಷಗಳ ಸಮಾಧಾನ, ದುಡ್ಡು ದಂಡ. ಅಸೆಟಝೋಲಮೈಡ್ ಮಾತ್ರೆ ಹೊಂದಾಣಿಕೆಗೆ ನಿಜಕ್ಕೂ ನೆರವಾಗುತ್ತದೆ, ಆದರೆ ಊರಿನಲ್ಲೇ ವೈದ್ಯರನ್ನು ಕೇಳಿ, ಸಲ್ಫಾ ಔಷಧಿಗಳ ಅಲರ್ಜಿಯಿದ್ದರೆ ತಪ್ಪದೆ ತಿಳಿಸಿ ತೆಗೆದುಕೊಳ್ಳಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ತಣ್ಣಗಾದ ಬೆರಳಿಗೆ ಹಾಕಿ, ಕಡಿಮೆ ಅಂಕಿ ನೋಡಿ ಹೆದರುವವರೇ ಹೆಚ್ಚು. ಅಂಗೈ ಉಜ್ಜಿ ಬೆಚ್ಚಗಾದ ಮೇಲೆ ನೋಡಿ, ಅಂಕಿಗಿಂತ ಲಕ್ಷಣಗಳನ್ನು ನಂಬಿ.

ಮಧ್ಯಾಹ್ನ ಪೇಟೆ ಸುತ್ತಬಹುದು. ಹಿಂದೆ ನಾಂಗ್ಪಾ ಲಾ ಕಣಿವೆಮಾರ್ಗದಿಂದ ಬರುತ್ತಿದ್ದ ಟಿಬೆಟಿನ ಉಪ್ಪು ಮತ್ತು ಉಣ್ಣೆ ಇಲ್ಲಿ ಕೆಳನಾಡಿನ ಧಾನ್ಯಕ್ಕೆ ಬದಲಾಗುತ್ತಿದ್ದವು. ವಾರದ ಸಂತೆ ಶನಿವಾರ. ಶುಕ್ರವಾರ ನಾಮ್ಚೆ ಸೇರುವಂತೆ ಹೊರಡುವುದೇ ಜಾಣತನ. ಪ್ರಸಿದ್ಧ ಲಾಂಛನ ಹೊಲಿದ ಅಗ್ಗದ ಜಾಕೆಟ್ಟುಗಳು ಬಹುಪಾಲು ನಕಲಿ: ಕೈಗವಸು, ಟೋಪಿಗೆ ಅಡ್ಡಿಯಿಲ್ಲ, ಮೈ ಬೆಚ್ಚಗಿಡಬೇಕಾದ ಉಡುಪಿಗೆ ಬೇಡ.

ಮೂರನೆಯ ದಿನ ತಲೆ ಹಗುರವಾಗಿದ್ದರೆ ಮಾತ್ರ 3,867 ಮೀಟರಿನ ತೆಂಗ್‌ಬೋಚೆಯತ್ತ ಹೊರಡಿ. ತಲೆನೋವು ಉಳಿದಿದ್ದರೆ ಇನ್ನೊಂದು ರಾತ್ರಿ ನಾಮ್ಚೆಯಲ್ಲೇ ಇರಿ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆಯಲಾಗದಿದ್ದರೆ, ಅಥವಾ ಸುಮ್ಮನೆ ಕುಳಿತಾಗಲೂ ಏದುಸಿರು ಬರುತ್ತಿದ್ದರೆ, ಬೆಳಗಿನವರೆಗೆ ಕಾಯದೆ, ಜೊತೆಗೊಬ್ಬರನ್ನು ಕರೆದುಕೊಂಡು ಕೂಡಲೇ ಮೊಂಜೊ ಕಡೆಗೆ ಇಳಿಯಬೇಕು.